ಪಿಎಫ್ ದುಡ್ಡಿಗಾಗಿ ಬೀದಿಗೆ ಬಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು: 2016ರ ಬೆಂಗಳೂರಿನ ಒಂದು ಪ್ರಕರಣ

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿ ಹತ್ತಿರ ಹೊಸೂರು ರಸ್ತೆಯಲ್ಲಿ ಗಾಡಿಗಳು ನಿಂತುಬಿಟ್ಟವು. ರಸ್ತೆಗೆ ಬಂದು ಕೂತವರು ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಕೆಲಸಗಾರರು. ಹೆಚ್ಚಿನವರು ಹೆಂಗಸರು. ಟೈಲರ್‌ಗಳು, ಹೆಲ್ಪರ್‌ಗಳು, ಚೆಕ್ಕರ್‌ಗಳು. ಮುಂದೆ ನಿಂತು ಭಾಷಣ ಮಾಡೋ ಲೀಡರ್ ಇರಲಿಲ್ಲ, ಪಕ್ಷದ ಬಾವುಟ ಇರಲಿಲ್ಲ, ಬ್ಯಾನರೂ ಇರಲಿಲ್ಲ. ಮರುದಿನ ಮಂಗಳವಾರದ ಹೊತ್ತಿಗೆ ತುಮಕೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕಡೆಗೂ ಸುದ್ದಿ ಹಬ್ಬಿತು. ಸಾವಿರಾರು ಮಂದಿ ಮಷಿನ್ ಬಿಟ್ಟು ಹೊರಗೆ ಬಂದರು. ಅವತ್ತು ಸಂಜೆಯೊಳಗೆ ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆ ಪಿಎಫ್ ಬಗ್ಗೆ ತಾನು ಹೊರಡಿಸಿದ್ದ ಆದೇಶವನ್ನು ವಾಪಸ್ ತೆಗೆದುಕೊಂಡಿತು.

ಎರಡೇ ದಿನ. ಯೂನಿಯನ್‌ಗಳು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರೂ ಆಗದಂಥ ಕೆಲಸ ಇದು. ಆಗ ಪೇಪರ್, ಟಿವಿಯವರು ಇದನ್ನು ಟ್ರಾಫಿಕ್ ಜಾಮ್ ಮತ್ತು ಗಲಾಟೆಯ ಸುದ್ದಿಯಾಗಿಯೇ ಜಾಸ್ತಿ ತೋರಿಸಿದರು. ನನಗೆ ಮಾತ್ರ ಇದು ಹೆಣ್ಣುಮಕ್ಕಳ ದುಡಿಮೆಗೂ ದೇಶದ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧ ಎಂಥದ್ದು ಅನ್ನೋದನ್ನು ತೆರೆದು ತೋರಿಸಿದ ಘಟನೆ. ಹಾಗಾಗಿ ಸ್ವಲ್ಪ ಬಿಡಿಸಿ ನೋಡೋಣ.

ಆದೇಶದಲ್ಲಿ ಇದ್ದದ್ದೇನು

ನೌಕರರ ಭವಿಷ್ಯ ನಿಧಿ, ಅಂದರೆ ನಾವೆಲ್ಲ ಪಿಎಫ್ ಅನ್ನೋದು. ಕೆಲಸಗಾರರ ಸಂಬಳದಿಂದ 12% ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಕಟ್ಟಬೇಕು. ಮಾಲೀಕರು ಕಟ್ಟುವ 12ರಲ್ಲಿ 8.33 ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದ 3.67 ಪಿಎಫ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಇದ್ದ ಪದ್ಧತಿ ಸರಳವಾಗಿತ್ತು. ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕಡೆ ಸೇರದೆ ಇದ್ದರೆ ಖಾತೆಯಲ್ಲಿರುವ ಪಿಎಫ್ ಪೂರ್ತಿ ತೆಗೆದುಕೊಳ್ಳಬಹುದಿತ್ತು.

2016ರ ಫೆಬ್ರವರಿ 10ರ ಅಧಿಸೂಚನೆ ಇದನ್ನು ಬದಲಿಸಿತು. ಕೆಲಸ ಬಿಟ್ಟರೆ ನಿಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ. ಮಾಲೀಕರು ಕಟ್ಟಿದ ಪಾಲು ಬೇಕಾದರೆ 58 ವರ್ಷ ಆಗುವವರೆಗೆ ಕಾಯಬೇಕು. ಮೊದಲು 55 ಇದ್ದ ವಯಸ್ಸಿನ ಮಿತಿಯನ್ನೂ 58ಕ್ಕೆ ಏರಿಸಿದರು. ಸರ್ಕಾರ ಕೊಟ್ಟ ಕಾರಣ ಏನಪ್ಪಾ ಅಂದರೆ, ಜನ ಮಧ್ಯದಲ್ಲೇ ಪಿಎಫ್ ತೆಗೆದು ಖರ್ಚು ಮಾಡಿಕೊಳ್ಳುತ್ತಾರೆ, ಮುಪ್ಪಿನಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ, ಅದಕ್ಕೆ ಈ ನಿಯಮ.

ಕಾರಣ ಕೆಟ್ಟದ್ದಲ್ಲ. ಮುಪ್ಪಿಗೆ ದುಡ್ಡು ಉಳಿಸಬೇಕು ಅನ್ನೋದಕ್ಕೆ ಯಾರ ತಕರಾರೂ ಇಲ್ಲ. ಆದರೆ ಈ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಇಪ್ಪತ್ತೈದಕ್ಕೆ ಕೆಲಸಕ್ಕೆ ಸೇರಿ ಐವತ್ತೆಂಟಕ್ಕೆ ಹಾರ ಹಾಕಿಸಿಕೊಂಡು ರಿಟೈರ್ ಆಗುವ ಗಂಡಸು. ಪೀಣ್ಯದ ಟೈಲರ್ ಅಲ್ಲ.

ಒಂದು ಪೇಸ್ಲಿಪ್

ಲೆಕ್ಕ ಹಾಕಿ ನೋಡಿದರೆ ವಿಷಯ ಬೇಗ ಅರ್ಥ ಆಗುತ್ತದೆ. ಆ ಕಾಲಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸಂಬಳ ತಿಂಗಳಿಗೆ ಹೆಚ್ಚುಕಡಿಮೆ 7,000 ರೂಪಾಯಿ ಆಸುಪಾಸು. ಉದಾಹರಣೆಗೆ 7,000 ಅಂತಲೇ ಇಟ್ಟುಕೊಳ್ಳೋಣ. ಪಿಎಫ್‌ಗೆ 840 ಹೋಯಿತು. ಇಎಸ್‌ಐಗೆ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಗೆ, ಆಗಿನ ದರ 1.75%, ಲೆಕ್ಕಕ್ಕೆ 123. ಕೈಗೆ ಬಂದದ್ದು 6,037. ಒಂದು ರೂಮಿನ ಮನೆ ಬಾಡಿಗೆ, ರೇಷನ್, ಗ್ಯಾಸ್, ಮಕ್ಕಳ ಫೀಸು, ಸಂಘದ ಸಾಲದ ಕಂತು, ಊರಲ್ಲಿರುವ ಅತ್ತೆ ಮಾವನಿಗೋ ಅಪ್ಪ ಅಮ್ಮನಿಗೋ ಔಷಧಿ. ತಿಂಗಳ ಇಪ್ಪತ್ತನೇ ತಾರೀಕಿಗೆಲ್ಲ ಕೈ ಖಾಲಿ. ಆಮೇಲೆ ಕೈಸಾಲ.

ಆ 840ಕ್ಕೆ ಮಾಲೀಕರ ಪಾಲಿನ 257 ಸೇರಿಸಿ. ತಿಂಗಳಿಗೆ 1,097. ಆರು ವರ್ಷ ದುಡಿದರೆ, ಬಡ್ಡಿ ಬಿಟ್ಟು, 78,984 ರೂಪಾಯಿ. ಸಂಬಳ ಕೈಗೆ ಬಂದ ದಿನವೇ ಅದರ ಮೇಲೆ ಮನೆಯವರೆಲ್ಲರ ಕಣ್ಣು ಬೀಳುತ್ತದೆ. ಪಿಎಫ್ ಮೇಲೆ ಹಾಗೆ ಬೀಳುವುದಿಲ್ಲ, ಯಾಕೆಂದರೆ ಅದು ಕೈಗೆ ಬರುವುದೇ ಇಲ್ಲ. ಗಂಡ ಕುಡಿಯೋಕೆ ಕೇಳಿದರೆ ಕೊಡೋಕೆ ಅದು ಸೀರೆ ಗಂಟಿನಲ್ಲಿ ಇಲ್ಲ. ಅಣ್ಣ ಬೈಕ್ ಕಂತಿಗೆ ಕೇಳಿದರೂ ಇಲ್ಲ. ಹೆಸರು ಅವಳದ್ದು, ಖಾತೆ ನಂಬರ್ ಅವಳದ್ದು.

ಅವಳ ಹೆಸರಲ್ಲಿ ಇನ್ನೇನಿದೆ ಅಂತ ಹುಡುಕಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟ ರಾಜ್ಯ. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2005ರಲ್ಲಿ. ಆದರೆ ಊರಿಗೆ ಹೋದಾಗ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಅರಿಶಿನ ಕುಂಕುಮ ಕೊಟ್ಟು, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತವರಿನ ಬಾಗಿಲು ಮುಚ್ಚಿಹೋದರೆ ಅನ್ನೋ ಭಯಕ್ಕೆ ಅವಳೂ ಹಾಕುತ್ತಾಳೆ. ಮದುವೆಯಲ್ಲಿ ಹಾಕಿದ ಒಡವೆ ಅಡ ಇಡೋಕೆ ಹೋಗಿರುತ್ತದೆ. ಹೀಗಿರುವಾಗ ಪಿಎಫ್ ಅವಳ ಪಾಲಿಗೆ ಮುಪ್ಪಿನ ದುಡ್ಡು ಅಲ್ಲವೇ ಅಲ್ಲ. ಇರುವುದೊಂದೇ ಗಂಟು.

ಐದಾರು ವರ್ಷಕ್ಕೊಮ್ಮೆ ರಾಜೀನಾಮೆ ಯಾಕೆ

ಹೊರಗಿನವರಿಗೆ ವಿಚಿತ್ರ ಅನಿಸುವ ಒಂದು ರೂಢಿ ಗಾರ್ಮೆಂಟ್ಸ್‌ನಲ್ಲಿದೆ. ಕೆಲವು ವರ್ಷ ಒಂದು ಕಡೆ ದುಡಿಯುವುದು. ಆಮೇಲೆ ರಾಜೀನಾಮೆ ಕೊಟ್ಟು, ಫಾರಂ 19, ಫಾರಂ 10ಸಿ ತುಂಬಿ, ಪಿಎಫ್ ಮತ್ತು ಪಿಂಚಣಿ ಭಾಗದ ದುಡ್ಡು ತೆಗೆಸುವುದು. ಎರಡು ಮೂರು ತಿಂಗಳು ಬಿಟ್ಟು ಪಕ್ಕದ ರಸ್ತೆಯ ಇನ್ನೊಂದು ಕಾರ್ಖಾನೆಗೆ ಸೇರುವುದು. ಐದು ವರ್ಷ ಪೂರ್ತಿ ಆಗುವ ಮೊದಲೇ ಬಿಟ್ಟರೆ ಗ್ರಾಚ್ಯುಟಿ, ಅಂದರೆ ಸರ್ವಿಸ್ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಇಡಿಗಂಟು, ಕೈತಪ್ಪುತ್ತದೆ. ಅದು ಗೊತ್ತಿದ್ದೂ ಬಿಡುವವರಿದ್ದಾರೆ. ಹಳೇ ಸರ್ವಿಸ್ ಹೋಗುತ್ತದೆ, ಹೊಸ ಕಡೆ ಮತ್ತೆ ಮೊದಲಿಂದ ಶುರು.

ಇದು ದಡ್ಡತನ ಅಲ್ಲ. ಮಗಳ ಪಿಯುಸಿ ಫೀಸು ಜೂನ್‌ನಲ್ಲೇ ಕಟ್ಟಬೇಕು. ಮನೆ ಲೀಸ್‌ಗೆ ಒಂದೇ ಸಲ ದುಡ್ಡು ಸುರಿಯಬೇಕು. ಮೀಟರ್ ಬಡ್ಡಿಯ ಸಾಲ ತೀರಿಸದಿದ್ದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಆ ವರ್ಷ ಪಿಎಫ್ ಬಡ್ಡಿ 8.8%. ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು, ಐದು, ಕೆಲವೊಮ್ಮೆ ಹತ್ತು. ಪಿಎಫ್‌ನಲ್ಲಿ ದುಡ್ಡು ಬಿಟ್ಟು ಹೊರಗೆ ಆ ಬಡ್ಡಿ ಕಟ್ಟುವುದಕ್ಕಿಂತ ಪಿಎಫ್ ತೆಗೆದು ಸಾಲ ತೀರಿಸುವುದೇ ಸರಿಯಾದ ಲೆಕ್ಕ. ಅರ್ಥಶಾಸ್ತ್ರ ಓದಿದವರೂ ಅದನ್ನೇ ಮಾಡುತ್ತಿದ್ದರು.

ಇನ್ನೊಂದು ಕಾರಣ ವಯಸ್ಸು. ಗಾರ್ಮೆಂಟ್ಸ್ ಲೈನ್‌ನಲ್ಲಿ 58ರವರೆಗೆ ಮಷಿನ್ ತುಳಿಯುವವರು ಅಪರೂಪ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಒಬ್ಬಳು ದಿನವೆಲ್ಲ ಕಾಲರ್ ಒಂದನ್ನೇ ಹೊಲಿಯುತ್ತಾಳೆ, ಇನ್ನೊಬ್ಬಳು ಕಫ್. ಹಿಂದೆ ಸೂಪರ್‌ವೈಸರ್ ನಿಂತಿರುತ್ತಾನೆ. ಬಾತ್‌ರೂಮಿಗೆ ಎದ್ದರೆ ಪೀಸ್ ಮುಂದೆ ರಾಶಿ ಬೀಳುತ್ತದೆ. ಅದಕ್ಕೇ ನೀರು ಕಡಿಮೆ ಕುಡಿಯುತ್ತಾರೆ. ಹತ್ತು ಹದಿನೈದು ವರ್ಷದಲ್ಲಿ ಸೊಂಟ, ಕುತ್ತಿಗೆ, ಕಣ್ಣು ಎಲ್ಲ ಸೋಲುತ್ತವೆ. ನಡುವೆ ಮದುವೆ, ಬಾಣಂತನ, ಅತ್ತೆಯ ಕಾಯಿಲೆ ಅಂತ ಕೆಲಸ ತಪ್ಪುತ್ತದೆ. ಆಗಿನ ಕಾಯ್ದೆ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕಿತ್ತು. ಆದರೆ ತುಂಬಿದ ಬಸ್ಸಿನಲ್ಲಿ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಪೀಣ್ಯಕ್ಕೆ ಹೋಗುವುದು ಹೇಗೆ? ಆದ್ದರಿಂದ ಕೆಲಸ ಬಿಡುತ್ತಾರೆ, ಮತ್ತೆ ಸೇರುತ್ತಾರೆ, ಮತ್ತೆ ಬಿಡುತ್ತಾರೆ. ನಲವತ್ತರ ಹೊತ್ತಿಗೆ ಬಹಳಷ್ಟು ಜನ ಲೈನ್‌ನಿಂದ ಹೊರಗೆ. ಅಂಥವಳಿಗೆ 58ಕ್ಕೆ ಬಾ ಅಂದರೆ ಏನರ್ಥ?

ಆ ಅಧಿಸೂಚನೆಯಲ್ಲಿ ಹೆಂಗಸರ ಪ್ರಸ್ತಾಪ ಇರಲಿಲ್ಲ ಅಂದುಕೊಳ್ಳಬೇಡಿ. ಇತ್ತು. ಮದುವೆಗಾಗಿ ಅಥವಾ ಬಸಿರು, ಬಾಣಂತನದ ಕಾರಣಕ್ಕೆ ಕೆಲಸ ಬಿಡುವ ಮಹಿಳೆ ಎರಡು ತಿಂಗಳು ಕಾಯಬೇಕಿಲ್ಲ ಅಂತ ವಿನಾಯಿತಿ ಕೊಟ್ಟಿದ್ದರು. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಈ ಸಾಲು. ಮದುಮಗಳಾಗಿ, ಬಾಣಂತಿಯಾಗಿ ಅವಳು ಸರ್ಕಾರದ ಕಣ್ಣಿಗೆ ಬಿದ್ದಿದ್ದಾಳೆ. ಮಗಳ ಫೀಸು ಕಟ್ಟುವವಳಾಗಿ, ಗಂಡ ಬಿಟ್ಟುಹೋದ ಮೇಲೆ ಮನೆ ನಡೆಸುವವಳಾಗಿ, ಸಾಲಗಾರರಿಗೆ ಉತ್ತರ ಕೊಡುವವಳಾಗಿ ಬಿದ್ದಿಲ್ಲ.

ಗಾಳಿಮಾತು ಮತ್ತು ನಿಜ

ಲೆಕ್ಕದ ಪ್ರಕಾರ ನೋಡಿದರೆ ಆ ಆದೇಶ ತಡೆಹಿಡಿದದ್ದು ಮಾಲೀಕರ 3.67% ಪಾಲನ್ನು. ನಮ್ಮ ಉದಾಹರಣೆಯಲ್ಲಿ ಆರು ವರ್ಷಕ್ಕೆ 18,504 ರೂಪಾಯಿ, ಮೇಲೆ ಅದರ ಬಡ್ಡಿ. ಕಾರ್ಖಾನೆಗಳಲ್ಲಿ ಹಬ್ಬಿದ ಮಾತು ಮಾತ್ರ ಇನ್ನೂ ದೊಡ್ಡದು: 'ಇನ್ಮೇಲೆ ಪಿಎಫ್ ಸಿಗೋದೇ ಇಲ್ವಂತೆ, 58 ಆದ್ಮೇಲೇನಂತೆ.' ಇದನ್ನು ಹಿಡಿದುಕೊಂಡು, ಆ ಹೆಂಗಸರು ಗಾಳಿಮಾತು ಕೇಳಿ ಸುಮ್ನೆ ಬೀದಿಗೆ ಬಂದರು ಅಂತ ಕೆಲವರು ಅಂದರು.

ನಾನು ಒಪ್ಪುವುದಿಲ್ಲ. ತಿಂಗಳಿಗೆ 6,000 ಕೈಗೆ ಬರುವ ಮನೆಯಲ್ಲಿ 18,500 ಅಂದರೆ ಮೂರು ತಿಂಗಳ ಸಂಬಳ. ಅದೂ ಅವರದ್ದೇ ದುಡಿಮೆಯ ಭಾಗ. ಜೊತೆಗೆ, ಆದೇಶ ಬಂದು ಎರಡು ತಿಂಗಳಾಗಿದ್ದರೂ ಲೈನ್‌ನಲ್ಲಿ ಕೂತವಳಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸವನ್ನು ಯಾರೂ ಸರಿಯಾಗಿ ಮಾಡಿರಲಿಲ್ಲ. ತನ್ನ ದುಡ್ಡಿನ ಬಗ್ಗೆ ಯಾರೂ ಹೇಳದಿದ್ದಾಗ ಪಕ್ಕದ ಮಷಿನ್‌ನವಳು ಹೇಳಿದ್ದೇ ಸುದ್ದಿ. ಅಲ್ವಾ?

ಎರಡನೇ ದಿನ

18ರಂದು ಇಲಾಖೆ ಆದೇಶವನ್ನು ಜುಲೈ 31ರವರೆಗೆ ಮುಂದೂಡುತ್ತೇವೆ ಅಂದಿತು. ಮನೆ, ಕಾಯಿಲೆ, ಮಕ್ಕಳ ಓದು, ಮದುವೆಗೆ ವಿನಾಯಿತಿ ಕೊಡುತ್ತೇವೆ ಅಂತಲೂ ಹೇಳಿತು. ಅದು ಸಾಕಾಗಲಿಲ್ಲ. 19ರಂದು ಜನ ಇನ್ನೂ ಹೆಚ್ಚಾದರು. ಜಾಲಹಳ್ಳಿ ಕಡೆ ಬಸ್ಸುಗಳಿಗೆ ಬೆಂಕಿ ಬಿತ್ತು. ಹೆಬ್ಬಗೋಡಿ ಪೊಲೀಸ್ ಠಾಣೆಯಲ್ಲಿ ನಿಲ್ಲಿಸಿದ್ದ ಗಾಡಿಗಳು ಸುಟ್ಟವು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಹೊರಗಿನ ಕಿಡಿಗೇಡಿಗಳು ಸೇರಿಕೊಂಡಿದ್ದರು ಅನ್ನುವ ಮಾತು ಪೊಲೀಸರಿಂದಲೇ ಬಂತು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಎರಡು ದಿನ ಬಿಸಿಲಲ್ಲಿ ಡಾಂಬರಿನ ಮೇಲೆ ಕೂತ ಸಾವಿರಾರು ಹೆಂಗಸರನ್ನು ಆ ಬೆಂಕಿಯ ಫೋಟೋಗಳು ಮರೆಮಾಡಿದವು. ಮಂಗಳವಾರ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ರದ್ದು ಮಾಡಿರುವುದಾಗಿ ಹೇಳಿದರು. ಹಳೇ ಪದ್ಧತಿಯೇ ಮುಂದುವರಿಯಿತು.

ಅದೇ 2016ರಲ್ಲಿ ಇದಕ್ಕೂ ಮೊದಲು ನಡೆದ ಇನ್ನೊಂದು ಪಿಎಫ್ ಕಥೆಯನ್ನು ಇಲ್ಲಿ ನೆನೆಯಲೇಬೇಕು. ಫೆಬ್ರವರಿ 29ರ ಬಜೆಟ್‌ನಲ್ಲಿ ಆಗಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ಪಿಎಫ್ ಹಿಂತೆಗೆತದ 60% ಭಾಗಕ್ಕೆ ತೆರಿಗೆ ಹಾಕುವ ಪ್ರಸ್ತಾಪ ಮಾಡಿದರು. ಅದು ತಟ್ಟುತ್ತಿದ್ದದ್ದು ಒಳ್ಳೆ ಸಂಬಳದ ನೌಕರರಿಗೆ. ಟಿವಿ ಚರ್ಚೆ, ಟ್ವಿಟ್ಟರ್, ಆನ್‌ಲೈನ್ ಅರ್ಜಿ ಎಲ್ಲ ಜೋರಾಗಿ ನಡೆದವು. ಮಾರ್ಚ್ 8ಕ್ಕೆ ಪ್ರಸ್ತಾಪ ವಾಪಸ್. ಆಫೀಸಿನವರು ಯಾರೂ ರಸ್ತೆಯಲ್ಲಿ ಕೂರಬೇಕಾಗಲಿಲ್ಲ, ಲಾಠಿ ಏಟು ತಿನ್ನಬೇಕಾಗಲಿಲ್ಲ. ಅದೇ ಫೆಬ್ರವರಿಯಲ್ಲಿ ಬಂದ ಇನ್ನೊಂದು ಆದೇಶ ಗಾರ್ಮೆಂಟ್ಸ್‌ನವರನ್ನು ತಟ್ಟಿದಾಗ ಅದು ದೊಡ್ಡವರಿಗೆ ಕೇಳಿಸಬೇಕಾದರೆ ಹೊಸೂರು ರಸ್ತೆ ಬಂದ್ ಆಗಬೇಕಾಯಿತು. ಯಾರ ಮಾತು ಎಷ್ಟು ದೂರ ಕೇಳಿಸುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಯೂನಿಯನ್‌ಗಳು ಇರಲಿಲ್ಲ ಅಂತಲ್ಲ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಗಾರರ ಸಂಘಗಳು ಆಗಲೇ ಹಲವು ಇದ್ದವು, ಚೆನ್ನಾಗಿ ಕೆಲಸವನ್ನೂ ಮಾಡುತ್ತಿದ್ದವು. ಆದರೆ ಲಕ್ಷಗಟ್ಟಲೆ ಕೆಲಸಗಾರರಲ್ಲಿ ಸದಸ್ಯರಾದವರು ಸ್ವಲ್ಪವೇ ಜನ. ಯೂನಿಯನ್ ಸೇರಿದ್ದು ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವ ಭಯ ಒಂದು ಕಡೆ. ಇನ್ನೊಂದು ಕಡೆ ಮೀಟಿಂಗ್‌ಗೆ ಹೊತ್ತೆಲ್ಲಿ? ಐದೂವರೆಗೆ ಬಿಟ್ಟರೆ ಮನೆ ಸೇರುವಾಗ ಏಳು. ನೀರು ಹಿಡಿಯಬೇಕು, ಅಡುಗೆ ಆಗಬೇಕು. ಭಾನುವಾರ ಬಟ್ಟೆ ರಾಶಿ ಕಾಯುತ್ತಿರುತ್ತದೆ.

ಬೆಳವಣಿಗೆ ಅಂದರೆ ಯಾವುದು

ಬಡ ದೇಶಗಳು ಮುಂದೆ ಬರುವ ದಾರಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ ಒಂದು ಹಳೇ ಮೆಟ್ಟಿಲು. ದಕ್ಷಿಣ ಕೊರಿಯಾ ಹತ್ತಿತು, ಆಮೇಲೆ ಬಾಂಗ್ಲಾದೇಶ, ವಿಯೆಟ್ನಾಂ. ಎಲ್ಲ ಕಡೆ ಆ ಮೆಟ್ಟಿಲು ಹತ್ತಿದವರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಬಾಂಗ್ಲಾದೇಶದಲ್ಲಿ ಲಕ್ಷಾಂತರ ಹುಡುಗಿಯರು ಕಾರ್ಖಾನೆಗೆ ಹೋಗಲು ಶುರುವಾದ ಮೇಲೆ ಹೆಣ್ಣುಮಕ್ಕಳ ಓದು ಹೆಚ್ಚಿತು, ಮದುವೆ ತಡ ಆಯಿತು. ಅದೇ ಬಾಂಗ್ಲಾದೇಶದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಎರಡೂ ನಿಜ. ಗಾರ್ಮೆಂಟ್ಸ್ ಕೆಲಸ ಹೆಣ್ಣುಮಕ್ಕಳಿಗೆ ಶಾಪ ಅನ್ನುವವರ ಮಾತೂ ನನಗೆ ಒಪ್ಪಿಗೆ ಇಲ್ಲ. ಮಾಗಡಿ, ಮದ್ದೂರು, ಕುಣಿಗಲ್ ಕಡೆಯ ಎಷ್ಟೋ ಹೆಂಗಸರಿಗೆ ಕೂಲಿಗಿಂತ, ಮನೆಗೆಲಸಕ್ಕಿಂತ ಇದು ವಾಸಿ. ಇಎಸ್‌ಐ ಕಾರ್ಡ್ ಇದೆ, ತಿಂಗಳಿಗೆ ಸಂಬಳ ಇದೆ, ಪಿಎಫ್ ಇದೆ.

ನಮ್ಮಲ್ಲಿ ತಪ್ಪು ಆಗುತ್ತಿರುವುದು ಲೆಕ್ಕ ಹಾಕುವ ರೀತಿಯಲ್ಲಿ. ಎಷ್ಟು ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದಾರೆ ಅಂತ ಎಣಿಸುತ್ತೇವೆ. ಕೇಂದ್ರದ ಕಾರ್ಮಿಕ ಸಮೀಕ್ಷೆ ಪ್ರಕಾರ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಗೆ ಇಳಿದವರ ಪ್ರಮಾಣ 2017-18ರಲ್ಲಿ 23.3% ಇತ್ತು, 2023-24ರಲ್ಲಿ 41.7% ಆಯಿತು. ದೊಡ್ಡ ಏರಿಕೆ. ಆದರೆ ಅದರಲ್ಲಿ ಬಹುಪಾಲು ಸ್ವಂತ ಹೊಲದಲ್ಲೋ ಮನೆಯ ಕಸುಬಿನಲ್ಲೋ ಸಂಬಳವಿಲ್ಲದೆ ಅಥವಾ ಅಷ್ಟಿಷ್ಟು ಸಂಪಾದನೆಗೆ ಮಾಡುವ ಕೆಲಸ. ದುಡಿದದ್ದು ಯಾರ ಹೆಸರಿಗೆ ಬರುತ್ತದೆ, ಯಾವಾಗ ಕೈಗೆ ಸಿಗುತ್ತದೆ, ಅದನ್ನು ಖರ್ಚು ಮಾಡುವ ತೀರ್ಮಾನ ಯಾರದ್ದು ಅನ್ನೋದನ್ನು ಈ ಅಂಕಿ ಹೇಳುವುದಿಲ್ಲ. ಬೊಮ್ಮನಹಳ್ಳಿಯ ಹೆಂಗಸರು ರಸ್ತೆಯಲ್ಲಿ ಕೂತು ಕೇಳಿದ್ದು ಇದನ್ನೇ. ಕೆಲಸ ಕೊಡಿ ಅಂತ ಅವರು ಕೇಳಲಿಲ್ಲ. ಸಂಬಳ ಏರಿಸಿ ಅಂತಲೂ ಅಲ್ಲ. ನಮ್ಮ ದುಡ್ಡನ್ನು ಮುಟ್ಟಬೇಡಿ ಅಂದರು.

ಆಮೇಲೆ

ಗೆದ್ದ ಮೇಲೆ ಎಲ್ಲ ಸರಿಹೋಯಿತಾ ಅಂದರೆ ಇಲ್ಲ. 2018ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಗಾರ್ಮೆಂಟ್ಸ್ ಕನಿಷ್ಠ ಕೂಲಿ ಏರಿಸುವ ಕರಡು ಹೊರಡಿಸಿತು, ಮಾರ್ಚ್‌ನಲ್ಲಿ ವಾಪಸ್ ತೆಗೆದುಕೊಂಡಿತು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಬಹಳಷ್ಟು ಕಾರ್ಖಾನೆಗಳಲ್ಲಿ ನಿಂತುಹೋಯಿತು. ಹೈಕೋರ್ಟ್‌ವರೆಗೆ ಹೋಗಬೇಕಾಯಿತು. ಕೆಲವರಿಗೆ ಬಾಕಿ ಸಿಕ್ಕಿದ್ದು 2022ರಲ್ಲಿ. 2016ರ ಒಗ್ಗಟ್ಟು ಒಂದು ಸಂಘಟನೆಯಾಗಿ ಗಟ್ಟಿಯಾಗಿ ನಿಂತಿದ್ದರೆ ಇವು ಇಷ್ಟು ಸುಲಭಕ್ಕೆ ಆಗುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ ಆದಾಗ ಮಾತ್ರ, ದಿನಾ ಬಸ್ಸಿನಲ್ಲಿ ಹೋಗಿಬರುವ ಗಾರ್ಮೆಂಟ್ಸ್‌ನವರ ಕೈಯಲ್ಲಿ ತಿಂಗಳಿಗೆ ಕಣ್ಣಿಗೆ ಕಾಣುವಷ್ಟು ದುಡ್ಡು ಉಳಿಯತೊಡಗಿತು.

ಪಿಎಫ್ ವಿಷಯವೂ ಮತ್ತೆ ಬಂದಿದೆ. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರ ಟ್ರಸ್ಟಿಗಳ ಮಂಡಳಿ ಹಿಂತೆಗೆತದ ನಿಯಮಗಳನ್ನು ಬದಲಿಸುವ ತೀರ್ಮಾನ ಮಾಡಿತು. ಇದರಲ್ಲಿ ನಿಜಕ್ಕೂ ಒಳ್ಳೆಯದಿದೆ. 12 ತಿಂಗಳು ಸರ್ವಿಸ್ ಆಗಿದ್ದರೆ ಸಾಕು, ಕೆಲಸದಲ್ಲಿ ಇದ್ದುಕೊಂಡೇ ಕಾಯಿಲೆ, ಓದು, ಮದುವೆ, ಮನೆಗೆ ದುಡ್ಡು ತೆಗೆಯಬಹುದು. ಮಾಲೀಕರ ಪಾಲೂ ಅದರಲ್ಲಿ ಸೇರುತ್ತದೆ. ಕಾರಣ ಹೇಳದೆಯೂ ತೆಗೆಯುವ ದಾರಿ ಇದೆ. ಫೀಸಿಗೋಸ್ಕರ ರಾಜೀನಾಮೆ ಕೊಟ್ಟು ಗ್ರಾಚ್ಯುಟಿ ಕಳೆದುಕೊಳ್ಳುವ ಪಾಡು ತಪ್ಪಿಸುವುದಕ್ಕೆ ಮೊದಲೇ ಮಾಡಬೇಕಿದ್ದ ಕೆಲಸ ಇದು.

ಆದರೆ ಇನ್ನೊಂದು ಭಾಗವೂ ಇದೆ. ಕಟ್ಟಿದ ದುಡ್ಡಿನ 25% ಖಾತೆಯಲ್ಲೇ ಉಳಿಯಬೇಕು. ಕೆಲಸ ಬಿಟ್ಟ ಮೇಲೆ ಪೂರ್ತಿ ಲೆಕ್ಕ ಚುಕ್ತಾ ಆಗಲು ಎರಡು ತಿಂಗಳ ಬದಲು 12 ತಿಂಗಳು. ಪಿಂಚಣಿ ಭಾಗ ತೆಗೆಯಲು 36 ತಿಂಗಳು. ನಲವತ್ತಕ್ಕೆ ಸೊಂಟ ನೋವಿನಿಂದ ಲೈನ್ ಬಿಟ್ಟವಳು ಮೂರು ವರ್ಷ ಕಾಯಬೇಕು. ಈ ತೀರ್ಮಾನ ಆಗುವ ಮೊದಲು ಪೀಣ್ಯದ, ದೊಡ್ಡಬಳ್ಳಾಪುರದ, ಶ್ರೀರಂಗಪಟ್ಟಣದ ಕಾರ್ಖಾನೆ ಗೇಟಿನ ಹತ್ತಿರ ಸಂಜೆ ಐದೂವರೆಗೆ ಒಂದು ಗಂಟೆ ನಿಂತು ಕೇಳಿದ್ದರೆ, ಯಾವ ಭಾಗ ಇರಲಿ, ಯಾವುದು ಬೇಡ ಅಂತ ಆ ಹೆಂಗಸರೇ ಲೆಕ್ಕ ಸಮೇತ ಹೇಳುತ್ತಿದ್ದರು. ಈಗಲೂ ಹೊತ್ತು ಮೀರಿಲ್ಲ. ಹೊಸ ನಿಯಮವನ್ನು ಕನ್ನಡದಲ್ಲಿ, ಅವರವರ ಸಂಬಳದ ಲೆಕ್ಕ ಹಾಕಿ, ಪ್ರತಿ ಕಾರ್ಖಾನೆಯ ನೋಟೀಸ್ ಬೋರ್ಡಿಗೆ ಹಾಕಲಿ. ಪಿಂಚಣಿಯ ಆ 36 ತಿಂಗಳನ್ನು ಮರಳಿ ನೋಡಲಿ. ಪಿಎಫ್ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳ ಕುರ್ಚಿಗಳಿವೆ. ಅದರಲ್ಲಿ ಒಂದರ ಮೇಲೆ ಮಷಿನ್ ತುಳಿದ ಹೆಣ್ಣುಮಗಳೊಬ್ಬಳು ಕೂರುವ ಹಾಗಾಗಲಿ.